ರೆಸಿನ್ ಸಿಮ್ಯುಲೇಶನ್ ಮೋಲ್ಡಿಗೆ ತಾಳೆ ಆಗ್ತಿಲ್ವಾ? ಎಷ್ಟು ಪಟ್ಟು ತಪ್ಪಿದೆ ಅಂತ ಮೊದಲು ನೋಡಿ

ಮೋಲ್ಡಿನಲ್ಲಿ ಒಣ ಬಟ್ಟೆ ಹಾಸಿ, ಪ್ಲಾಸ್ಟಿಕ್ ಬ್ಯಾಗಿನಿಂದ ಮುಚ್ಚಿ, ವ್ಯಾಕ್ಯೂಮ್ ಹಾಕಿ ರೆಸಿನ್ ಒಳಗೆ ಎಳೆಸಿ ಪ್ಯಾನೆಲ್ ಮಾಡುವ ಕೆಲಸಕ್ಕೆ ಇನ್ಫ್ಯೂಷನ್ ಅನ್ನುತ್ತಾರೆ. ಸಿಮ್ಯುಲೇಶನ್ ಪ್ರಕಾರ 21 ನಿಮಿಷಕ್ಕೆ ರೆಸಿನ್ ಆ ಕಡೆಯ ಅಂಚು ಮುಟ್ಟಬೇಕು. ಶೆಡ್ಡಿನಲ್ಲಿ 40 ನಿಮಿಷ ಕಳೆದರೂ ಮೂಲೆಯ ಬಟ್ಟೆ ಒಣಗಿಯೇ ಇರುತ್ತದೆ. ಇಂಥ ಹೊತ್ತಿನಲ್ಲಿ ಬಹಳ ಜನ ಮಾಡುವ ಕೆಲಸ ಒಂದೇ: ಪರ್ಮಿಯಬಿಲಿಟಿ ಸಂಖ್ಯೆಯನ್ನು (ಬಟ್ಟೆ ರೆಸಿನ್ನನ್ನು ಎಷ್ಟು ಸಲೀಸಾಗಿ ಹರಿಯಬಿಡುತ್ತದೆ ಅನ್ನುವುದನ್ನು) ಅರ್ಧ ಮಾಡಿ ಮತ್ತೆ ಓಡಿಸುವುದು. ಎರಡೂ ಕೂಡಿಬಂತು, ವರದಿಯೂ ಮುಗಿಯಿತು.

ದಯವಿಟ್ಟು ಹಾಗೆ ಮಾಡಬೇಡಿ. ನಿಜವಾದ ತಪ್ಪು ಬೇರೆ ಕಡೆ ಇದ್ದರೆ ಈ ಪ್ಯಾನೆಲ್ಲಿಗೆ ಮಾತ್ರ ಉತ್ತರ ಕೂಡಿಬರುತ್ತದೆ. ಮುಂದಿನದು ದೊಡ್ಡದಾದರೆ, ಅಥವಾ ವೆಂಟ್ (ಗಾಳಿ ಹೊರಹೋಗುವ ದಾರಿ) ಜಾಗ ಬದಲಾದರೆ, ಮತ್ತೆ ಕೆಡುತ್ತದೆ. ಆಗ ಹಾಳಾಗೋದು ಕಂಪ್ಯೂಟರ್ ಸಮಯ ಅಲ್ಲ, ಕಾರ್ಬನ್ ಬಟ್ಟೆ ಮತ್ತು ರೆಸಿನ್.

ಈ ಕೆಲಸದಲ್ಲಿ ತಪ್ಪು ಹಿಡಿಯೋಕೆ ನನಗೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ ಇರುವುದು ಒಂದೇ ವಿಷಯದ ಮೇಲೆ: ಉತ್ತರ ಎಷ್ಟು ಪಟ್ಟು ತಪ್ಪಿದೆ ಅನ್ನುವುದು. ಎರಡು ಪಟ್ಟು ತಪ್ಪಿದ್ದರೆ ಕಾರಣ ಒಂದು. ಸಾವಿರ ಪಟ್ಟು ತಪ್ಪಿದ್ದರೆ ಕಾರಣ ಇನ್ನೊಂದು. ಶುರುವಿನಲ್ಲಿ ಸರಿ ಇದ್ದು ಆಮೇಲೆ ತಪ್ಪುತ್ತಾ ಹೋದರೆ ಅದು ಮೂರನೆಯ ಜಾತಿ. ಹಾಗಾಗಿ ಯಾವ ಸಂಖ್ಯೆಯನ್ನೂ ಮುಟ್ಟುವ ಮೊದಲು ಈ ಪಟ್ಟು ಎಷ್ಟು ಅಂತ ಬರೆದುಕೊಳ್ಳಿ.

ಮೊದಲು ಒಂದು ಸಾದಾ ಬಟ್ಟೆಪಟ್ಟಿಗೆ ರೆಸಿನ್ ತುಂಬಿಸಿ

ನಿಮ್ಮ ರೆಕ್ಕೆ, ಬ್ಲೇಡು, ದೋಣಿಯ ಒಡಲು ಎಲ್ಲವನ್ನೂ ಪಕ್ಕಕ್ಕಿಡಿ. ಅದೇ ಸಾಫ್ಟ್‌ವೇರಿನಲ್ಲಿ, ಅದೇ ಸೆಟ್ಟಿಂಗಿನಲ್ಲಿ ಒಂದು ಚಪ್ಪಟೆ ಬಟ್ಟೆಪಟ್ಟಿಯ ಮಾಡೆಲ್ ಮಾಡಿ. ಒಂದು ತುದಿ ಪೂರ್ತಿ ಇನ್ಲೆಟ್ (ರೆಸಿನ್ ಒಳಬರುವ ಕಡೆ), ಇನ್ನೊಂದು ತುದಿ ಪೂರ್ತಿ ವೆಂಟ್. ಇದಕ್ಕೆ ಉತ್ತರ ಪೆನ್ನು ಪೇಪರಿನಲ್ಲೇ ಸಿಗುತ್ತದೆ.

ಫ್ರಾನ್ಸಿನ ಡೀಜೋನ್ ಊರಿನ ನೀರಿನ ವ್ಯವಸ್ಥೆ ನೋಡಿಕೊಂಡಿದ್ದ ಆನ್ರಿ ಡಾರ್ಸಿ, ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು 1856ರಲ್ಲಿ ಪ್ರಕಟಿಸಿದ. ನಾವು ಇವತ್ತು ಗ್ಲಾಸ್ ಬಟ್ಟೆಯೊಳಗೆ ಎಪಾಕ್ಸಿ ಓಡಿಸುವಾಗಲೂ ಬಳಸುವುದು ಅದನ್ನೇ. ಒತ್ತಡ ಒಂದೇ ಸಮ ಇದ್ದರೆ ಪಟ್ಟಿ ತುಂಬುವ ಸಮಯ ಹೀಗೆ ಬರುತ್ತದೆ:

ಸಮಯ = ಪೊರಾಸಿಟಿ × ವಿಸ್ಕಾಸಿಟಿ × ಉದ್ದದ ವರ್ಗ ÷ (2 × ಪರ್ಮಿಯಬಿಲಿಟಿ × ಒತ್ತಡದ ವ್ಯತ್ಯಾಸ)

ಪೊರಾಸಿಟಿ ಅಂದರೆ ಬಟ್ಟೆಯಲ್ಲಿ ಫೈಬರ್ ಬಿಟ್ಟು ಖಾಲಿ ಇರುವ ಜಾಗದ ಪಾಲು, ವಿಸ್ಕಾಸಿಟಿ ಅಂದರೆ ರೆಸಿನ್ ಎಷ್ಟು ಮಂದ ಅನ್ನುವುದು. ಸಂಖ್ಯೆ ಹಾಕೋಣ. ಪೊರಾಸಿಟಿ 0.5, ವಿಸ್ಕಾಸಿಟಿ 0.2 ಪಾಸ್ಕಲ್-ಸೆಕೆಂಡ್, ಉದ್ದ ಅರ್ಧ ಮೀಟರ್, ಪರ್ಮಿಯಬಿಲಿಟಿ 10⁻¹⁰ ಚದರ ಮೀಟರ್, ಒತ್ತಡದ ವ್ಯತ್ಯಾಸ 1 ಬಾರ್, ಅಂದರೆ 10⁵ ಪಾಸ್ಕಲ್. ಉತ್ತರ 1250 ಸೆಕೆಂಡ್, ಸುಮಾರು 21 ನಿಮಿಷ. ಅರ್ಧ ದಾರಿ ತಲುಪೋಕೆ ಇದರ ಕಾಲು ಭಾಗ ಸಾಕು, 312 ಸೆಕೆಂಡ್ ಚಿಲ್ಲರೆ. ಈ ಎರಡೂ ನಿಮ್ಮ ಸಿಮ್ಯುಲೇಶನ್ನಿನಲ್ಲಿ ಒಂದೆರಡು ಪರ್ಸೆಂಟಿನೊಳಗೆ ಬರಬೇಕು. ಬರಲಿಲ್ಲ ಅಂದರೆ ತಪ್ಪು ನಿಮ್ಮ ಫೈಲಿನಲ್ಲೇ ಇದೆ. ಶೆಡ್ಡಿನವರನ್ನು ಸುಮ್ನೆ ಕೇಳುತ್ತಾ ಕೂರಬೇಡಿ.

ಪಟ್ಟಿಯೇ ತಪ್ಪಿದ್ದರೆ

ಸರಿಯಾಗಿ ಎರಡು ಪಟ್ಟು ನಿಧಾನವಾಗಿದೆಯಾ, ಪೊರಾಸಿಟಿ 0.5 ಇದೆಯಾ? ಹಾಗಿದ್ದರೆ ಮೊದಲ ಅನುಮಾನ ಪೊರಾಸಿಟಿಯ ಮೇಲೆ. ಓಪನ್‌ಫೋಮ್ ಅನ್ನುವ ಹರಿವಿನ ಸಾಫ್ಟ್‌ವೇರ್ ಬಳಸುವವರಿಗೆ ಇದು ಖಂಡಿತ ಎದುರಾಗುತ್ತದೆ. ರೆಸಿನ್ ಮತ್ತು ಗಾಳಿ ಎರಡನ್ನೂ ಲೆಕ್ಕ ಹಾಕುವ ಅದರ ಮಾಮೂಲಿ ಸಾಲ್ವರ್ ಇಂಟರ್‌ಫೋಮ್‌ಗೆ ಡಾರ್ಸಿ ತಡೆ ಸೇರಿಸಬಹುದು, ಆದರೆ ಜಾಗದ ಅರ್ಧವನ್ನು ಫೈಬರ್ ತಿಂದಿದೆ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಸೆಲ್ (ಲೆಕ್ಕಕ್ಕಾಗಿ ಹೋಳು ಮಾಡಿದ ಸಣ್ಣ ತುಂಡು) ಪೂರ್ತಿ ಖಾಲಿ ಅಂದುಕೊಂಡು ತುಂಬುತ್ತದೆ. ಬೇಕಾದ್ದಕ್ಕಿಂತ ಜಾಸ್ತಿ ರೆಸಿನ್ ಹೋಗುತ್ತದೆ, ಫ್ರಂಟ್ (ರೆಸಿನ್ನಿನ ಮುಂದಿನ ಅಂಚು) ನಿಧಾನವಾಗುತ್ತದೆ. ಇದನ್ನು ಖಚಿತ ಮಾಡಿಕೊಳ್ಳೋದು ಸುಲಭ: ಒಳಗೆ ಹೋದ ರೆಸಿನ್ನಿನ ಒಟ್ಟು ಪ್ರಮಾಣ ಲೆಕ್ಕ ಹಾಕಿ, ಪಟ್ಟಿಯ ಪೂರ್ತಿ ಘನಫಲಕ್ಕೆ ಹೋಲಿಸಿ. ಎರಡೂ ಒಂದೇ ಆದರೆ ಪೊರಾಸಿಟಿ ಲೆಕ್ಕಕ್ಕೆ ಬಂದಿಲ್ಲ. ಪೊರಾಸಿಟಿ ಎಲ್ಲಾ ಕಡೆ ಒಂದೇ ಇದ್ದರೆ ಸಮಯವನ್ನು ಅದರಿಂದ ಗುಣಿಸಿಕೊಂಡರೆ ಸಾಕು. ಬೇರೆ ಬೇರೆ ಇದ್ದರೆ ಆ ಉಪಾಯ ನಡೆಯಲ್ಲ, ಪೊರಾಸಿಟಿಯನ್ನು ಸಮೀಕರಣದೊಳಗೇ ತರುವ ಸಾಲ್ವರ್ ಬೇಕು.

ಸುಮಾರು 1100 ಪಟ್ಟು ನಿಧಾನವಾ? ಇಂಟರ್‌ಫೋಮ್ ಕೇಳುವುದು ಕೈನೆಮ್ಯಾಟಿಕ್ ವಿಸ್ಕಾಸಿಟಿ, ಅಂದರೆ ಸಾಂದ್ರತೆಯಿಂದ ಭಾಗಿಸಿದ ಸಂಖ್ಯೆ. ಎಪಾಕ್ಸಿಯ ಸಾಂದ್ರತೆ ಘನ ಮೀಟರಿಗೆ 1100 ಕೆಜಿ ಆಸುಪಾಸು. 0.2 ಅನ್ನು ಹಾಗೇ ಹಾಕಿದ್ದೀರಿ, ಅಲ್ವಾ? ಅಲ್ಲಿ ಇರಬೇಕಾದ್ದು 0.00018.

ಕಣ್ಣು ಮಿಟುಕಿಸುವುದರಲ್ಲಿ ತುಂಬಿಬಿಟ್ಟರೆ, ಪೋರಸ್ ಜಾಗಕ್ಕೆ ಕೊಡುವ ಡಾರ್ಸಿ ಗುಣಾಂಕ ನೋಡಿ. ಓಪನ್‌ಫೋಮ್‌ನಲ್ಲಿ ಅದು ಪರ್ಮಿಯಬಿಲಿಟಿ ಅಲ್ಲ, 1 ಭಾಗಿಸು ಪರ್ಮಿಯಬಿಲಿಟಿ. ನಮ್ಮ ಪಟ್ಟಿಗೆ 10¹⁰ ಇರಬೇಕು. 10⁻¹⁰ ಹಾಕಿದರೆ ತಡೆಯೇ ಇಲ್ಲ, ಖಾಲಿ ಪೈಪಿನಲ್ಲಿ ಹರಿದಂತೆ ಹರಿಯುತ್ತದೆ. ಹತ್ತು ಲಕ್ಷ ಪಟ್ಟು ತಪ್ಪಿದ್ದರೆ ಯಾರೋ ಚದರ ಮಿಲಿಮೀಟರ್ ಮತ್ತು ಚದರ ಮೀಟರ್ ಬೆರೆಸಿದ್ದಾರೆ. ಪರ್ಮಿಯಬಿಲಿಟಿಯನ್ನು ಡಾರ್ಸಿ ಮಾನದಲ್ಲಿ ಕೊಟ್ಟಿರುವುದೂ ಉಂಟು. 1 ಡಾರ್ಸಿ ಅಂದರೆ ಸುಮಾರು 10⁻¹² ಚದರ ಮೀಟರ್. ಹತ್ತು ಪಟ್ಟು ತಪ್ಪಿದ್ದರೆ ಬಾರ್ ಮತ್ತು ಮೆಗಾಪಾಸ್ಕಲ್ ಗೊಂದಲ ಆಗಿರಬಹುದು.

ಒಂದು ಪರ್ಸೆಂಟು, ಹತ್ತು ಪರ್ಸೆಂಟು ಇಂಥ ಸಣ್ಣ ವ್ಯತ್ಯಾಸ ಇದ್ದರೆ ಗಾಳಿಯ ವಿಸ್ಕಾಸಿಟಿ ನೋಡಿ. ಗಾಳಿಯದು ರೆಸಿನ್ನಿಗಿಂತ ಹತ್ತು ಸಾವಿರ ಪಟ್ಟು ಕಡಿಮೆ. ಪ್ರೆಷರ್ ಸಾಲ್ವರ್‌ಗೆ ಇದು ಕಷ್ಟದ ಲೆಕ್ಕ, ಅದಕ್ಕೇ ಕೆಲವರು ಗಾಳಿಯನ್ನು ಬೇಕೆಂದೇ ದಪ್ಪ ಮಾಡುತ್ತಾರೆ. ಅದರಲ್ಲಿ ತಪ್ಪಿಲ್ಲ. ಆದರೆ ಬೆಲೆ ಎಷ್ಟು ಅಂತ ಗೊತ್ತಿರಲಿ: ಪಟ್ಟಿ ತುಂಬುವ ಸಮಯ ಎರಡೂ ವಿಸ್ಕಾಸಿಟಿಗಳ ಮೊತ್ತಕ್ಕೆ ತಕ್ಕ ಹಾಗೆ ಏರುತ್ತದೆ. ಗಾಳಿಯನ್ನು ರೆಸಿನ್ನಿನ ನೂರನೇ ಒಂದು ಪಾಲು ಮಾಡಿದರೆ ಸಮಯ ಒಂದು ಪರ್ಸೆಂಟ್ ಜಾಸ್ತಿ. ಹತ್ತನೇ ಒಂದು ಪಾಲು ಮಾಡಿದರೆ ಹತ್ತು ಪರ್ಸೆಂಟ್. ನೂರನೇ ಪಾಲಿಗಿಂತ ಮೇಲೆ ಹೋಗಬೇಡಿ. ಸರ್ಫೇಸ್ ಟೆನ್ಷನ್ ಅನ್ನು ಸೊನ್ನೆ ಮಾಡಿ. ದೊಡ್ಡ ಪ್ಯಾನೆಲ್ಲಿನ ಲೆಕ್ಕದಲ್ಲಿ ಅದರಿಂದ ಉಪಕಾರಕ್ಕಿಂತ ಫ್ರಂಟಿನ ಬಳಿ ಸುಳ್ಳು ಸುಳಿಗಳೇ ಜಾಸ್ತಿ.

ಪಟ್ಟಿ ಸರಿ ಬಂತು, ಪ್ಯಾನೆಲ್ ಬರ್ತಿಲ್ಲ

ಈಗ ಶೆಡ್ಡಿನ ಕಡೆ ಹೋಗಬಹುದು. ಬರೀ ತುಂಬಿದ ಸಮಯ ಕೇಳಿದರೆ ಏನೂ ತಿಳಿಯಲ್ಲ. ಬ್ಯಾಗಿನ ಮೇಲೆ ಹತ್ತು ಸೆಂಟಿಮೀಟರಿಗೊಂದು ಗೆರೆ ಹಾಕಿಸಿ, ರೆಸಿನ್ ಪ್ರತಿ ಗೆರೆ ದಾಟಿದ ಸಮಯ ಬರೆಸಿಕೊಳ್ಳಿ. ಫೋನಿನಲ್ಲಿ ವಿಡಿಯೊ ಆದರೆ ಇನ್ನೂ ಒಳ್ಳೆಯದು. ಆಮೇಲೆ ದೂರದ ವರ್ಗವನ್ನು ಸಮಯದ ಎದುರು ಗ್ರಾಫ್ ಹಾಕಿ. ಡಾರ್ಸಿ ನಿಯಮದ ಪ್ರಕಾರ, ಒತ್ತಡ ಮತ್ತು ವಿಸ್ಕಾಸಿಟಿ ಬದಲಾಗದಿದ್ದರೆ, ಇದು ನೇರ ಗೆರೆ ಆಗಬೇಕು.

ಗೆರೆ ನೇರ ಇದೆ, ಓರೆ ಮಾತ್ರ ಬೇರೆ ಅಂದರೆ ಯಾವುದೋ ಒಂದು ಸಂಖ್ಯೆ ಶುರುವಿನಿಂದಲೇ ತಪ್ಪಿದೆ. ಶುರುವಿನಲ್ಲಿ ಚಪ್ಪಟೆ ಇದ್ದು ಆಮೇಲೆ ನೇರ ಆದರೆ ಇನ್ಲೆಟ್ ಕಡೆ ಏನೋ ತಡೆಯುತ್ತಿದೆ. ಚೆನ್ನಾಗಿ ಹೊರಟು ಕೊನೆಕೊನೆಗೆ ಬಾಗಿದರೆ ರೆಸಿನ್ ದಪ್ಪ ಆಗುತ್ತಿದೆ, ಇಲ್ಲವೇ ವ್ಯಾಕ್ಯೂಮ್ ಎಲ್ಲೋ ಸೋರುತ್ತಿದೆ. ಸೋರಿಕೆಯನ್ನು ಬೇರೆ ಮಾಡೋದು ಸುಲಭ. ರೆಸಿನ್ ಬಿಡುವ ಮೊದಲು ಪಂಪ್ ಮುಚ್ಚಿ ಗೇಜ್ ಇಳಿಯುತ್ತದಾ ನೋಡಿರಬೇಕು. ಆ ದಾಖಲೆ ಇಲ್ಲದ ಪ್ರಯೋಗವನ್ನು ನಾನಂತೂ ಹೋಲಿಕೆಗೆ ತೆಗೆದುಕೊಳ್ಳುವುದಿಲ್ಲ.

ಇನ್ಲೆಟ್ ತಡೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮಾಡೆಲ್ ಮಾಡುವವರು ಬಕೆಟ್ಟಿನಿಂದ ಪ್ಯಾನೆಲ್ಲಿಗೆ ಬರುವ ಪೈಪನ್ನು ಮರೆತೇಬಿಡುತ್ತಾರೆ. ಒಳವ್ಯಾಸ 10 ಮಿಮೀ, ಉದ್ದ 3 ಮೀಟರ್ ಪೈಪು ಅಂದುಕೊಳ್ಳಿ. ರೆಸಿನ್ ಬೇಗ ಹರಿಯಲೆಂದು ಮೇಲೆ ಪ್ಲಾಸ್ಟಿಕ್ ಜಾಲರಿ ಹಾಸಿದ ಒಂದು ಮೀಟರ್ ಅಗಲದ ಪ್ಯಾನೆಲ್ ಶುರುವಿನಲ್ಲಿ ಸೆಕೆಂಡಿಗೆ 20 ಮಿಲಿಲೀಟರ್ ಎಳೆಯುವುದು ಏನೂ ವಿಶೇಷ ಅಲ್ಲ. 0.2 ಪಾಸ್ಕಲ್-ಸೆಕೆಂಡ್ ರೆಸಿನ್ನಿಗೆ ಆ ಪೈಪಿನಲ್ಲೇ ಸುಮಾರು 49 ಕಿಲೋಪಾಸ್ಕಲ್ ಕಳೆದುಹೋಗುತ್ತದೆ. ಇದ್ದ ವ್ಯಾಕ್ಯೂಮಿನಲ್ಲಿ ಅರ್ಧ ಪೈಪಿಗೇ ಹೋಯಿತು! ನಿಮ್ಮ ಮಾಡೆಲ್ ಮಾತ್ರ ಪೂರ್ತಿ ಒಂದು ಬಾರ್ ಇನ್ಲೆಟ್ಟಿನಲ್ಲಿ ಕೊಡುತ್ತಿದೆ. ಫ್ರಂಟ್ ಮುಂದೆ ಹೋಗಿ ಹರಿವು ಕಡಿಮೆ ಆದಂತೆ ಈ ನಷ್ಟವೂ ಇಳಿಯುತ್ತದೆ. ಗ್ರಾಫ್ ಶುರುವಿನಲ್ಲಿ ಮಾತ್ರ ಬಾಗುವುದು ಇದಕ್ಕೇ. ಪೈಪನ್ನೂ ಮಾಡೆಲ್ಲಿಗೆ ಸೇರಿಸಿ.

ಈಗ ಒತ್ತಡ. ಬೆಂಗಳೂರಿನಲ್ಲಿ ಇನ್ಫ್ಯೂಷನ್ ಮಾಡುವವರು ಗಮನಿಸಿ. ಇಲ್ಲಿ ರೆಸಿನ್ನನ್ನು ತಳ್ಳುವುದು ಹೊರಗಿನ ಗಾಳಿಯ ಒತ್ತಡ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು. ಎಷ್ಟೇ ಒಳ್ಳೆಯ ಪಂಪ್ ತಂದರೂ ಅದಕ್ಕಿಂತ ಜಾಸ್ತಿ ಸಿಗಲ್ಲ. ಅದೇ ಬಟ್ಟೆ, ಅದೇ ರೆಸಿನ್, ಅದೇ ಉಷ್ಣತೆ ಇದ್ದರೂ ಮಂಗಳೂರಿಗಿಂತ ಇಲ್ಲಿ ಹತ್ತು ಪರ್ಸೆಂಟಿಗೂ ಮಿಕ್ಕಿ ನಿಧಾನ. ಗೇಜ್ 27 ಇಂಚಿಗೆ (ಪಾದರಸದ ಇಂಚು) ನಿಂತಿತು ಅಂತ ಪಂಪನ್ನು ಬೈಯುವುದು ಬೇಡ, ಅದೇ ಇಲ್ಲಿನ ಮಿತಿ. ಮಾಡೆಲ್ಲಿನಲ್ಲಿ 101325 ಅಂತ ತಾನಾಗಿ ಕೂತಿರುವ ಸಂಖ್ಯೆಯನ್ನು ಹುಡುಕಿ ಬದಲಾಯಿಸಿ. ಪ್ಯಾನೆಲ್ ನಿಂತಿದ್ದರೆ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ಮೀಟರ್ ಮೇಲಕ್ಕೆ ಏರೋಕೆ ರೆಸಿನ್ನಿಗೆ ಹತ್ತಿರಹತ್ತಿರ 11 ಕಿಲೋಪಾಸ್ಕಲ್ ಬೇಕು.

ವಿಸ್ಕಾಸಿಟಿಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಡೇಟಾಶೀಟಿನಲ್ಲಿ ರೆಸಿನ್ ಒಂದರದ್ದೇ ಒಂದು ಸಂಖ್ಯೆ, ಹಾರ್ಡ್‌ನರ್ ಬೆರೆಸಿದ ಮೇಲಿನದು ಇನ್ನೊಂದು ಸಂಖ್ಯೆ ಇರುತ್ತದೆ. ನಿಮಗೆ ಬೇಕಾದ್ದು ಎರಡನೆಯದು. ಅದೂ 25 ಡಿಗ್ರಿಯದು. ಹತ್ತು ಡಿಗ್ರಿ ತಣ್ಣಗಾದರೆ ಬಹಳಷ್ಟು ಎಪಾಕ್ಸಿಗಳ ವಿಸ್ಕಾಸಿಟಿ ಹತ್ತಿರಹತ್ತಿರ ದುಪ್ಪಟ್ಟಾಗುತ್ತದೆ. ಡಿಸೆಂಬರ್ ಬೆಳಗ್ಗೆ ಮಾಡಿದ ಪ್ಯಾನೆಲ್ಲಿಗೆ ಮೋಲ್ಡಿನ ಮೇಲ್ಮೈ ಉಷ್ಣತೆ ಬರೆದಿಟ್ಟಿದ್ದಾರಾ ಕೇಳಿ. ಕೋಣೆಯ ಉಷ್ಣತೆ ಸಾಲದು, ರೆಸಿನ್ ಮುಟ್ಟುವುದು ಮೋಲ್ಡನ್ನು.

ಇವೆಲ್ಲಾ ಸರಿ ಇದ್ದ ಮೇಲೆ ಮಾತ್ರ ಪರ್ಮಿಯಬಿಲಿಟಿಗೆ ಬನ್ನಿ. ಅದು ನಿಜಕ್ಕೂ ನೆಚ್ಚಲಾಗದ ಸಂಖ್ಯೆ. ಒಂದೇ ಬಟ್ಟೆಯನ್ನು ಬೇರೆ ಬೇರೆ ಲ್ಯಾಬುಗಳು ಅಳೆದ ಅಂತರರಾಷ್ಟ್ರೀಯ ಹೋಲಿಕೆಯ ಫಲಿತಾಂಶ 2011ರಲ್ಲಿ ಬಂದಾಗ, ಉತ್ತರಗಳ ನಡುವೆ ಹತ್ತು ಪಟ್ಟಿನವರೆಗೂ ವ್ಯತ್ಯಾಸ ಇತ್ತು. ಆಮೇಲೆ ಎಲ್ಲರೂ ಒಂದೇ ವಿಧಾನಕ್ಕೆ ಕಟ್ಟುಬಿದ್ದು ಅಳೆದಾಗ ಅದು ಬಹಳ ಇಳಿಯಿತು. ಹಾಗಾಗಿ ಯಾವುದೋ ಪ್ರಬಂಧದಿಂದ ಎತ್ತಿಕೊಂಡ ಸಂಖ್ಯೆಗಿಂತ ನಿಮ್ಮದೇ ಬಟ್ಟೆಯ ಒಂದು ಪಟ್ಟಿಯನ್ನು ನಿಮ್ಮದೇ ಟೇಬಲ್ ಮೇಲೆ ತುಂಬಿಸಿ, ಮೇಲೆ ಹೇಳಿದ ಗ್ರಾಫಿನ ಓರೆಯಿಂದ ತೆಗೆದ ಸಂಖ್ಯೆ ಎಷ್ಟೋ ವಾಸಿ.

ಅಳೆದಾಗ ಫೈಬರ್ ಎಷ್ಟು ಒತ್ತಿತ್ತು ಅನ್ನುವುದೂ ಮುಖ್ಯ. ಕೊಜೆನಿ–ಕಾರ್ಮನ್ ಸೂತ್ರದ ಪ್ರಕಾರ ಫೈಬರ್ ಪಾಲು 50ರಿಂದ 55 ಪರ್ಸೆಂಟಿಗೆ ಏರಿದರೆ ಪರ್ಮಿಯಬಿಲಿಟಿ 40 ಪರ್ಸೆಂಟ್ ಬಿದ್ದುಹೋಗುತ್ತದೆ. 60ಕ್ಕೆ ಏರಿದರೆ ಉಳಿಯುವುದು ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. 4 ಮಿಮೀ ಇರಬೇಕಾದ ಪ್ಯಾನೆಲ್ 3.6 ಮಿಮೀ ಬಂದರೆ ಆಗುವುದು ಹೆಚ್ಚುಕಡಿಮೆ ಈ 50ರಿಂದ 55ರ ಬದಲಾವಣೆಯೇ. ಕ್ಯೂರ್ ಆದ, ಅಂದರೆ ಗಟ್ಟಿಯಾದ ತುಂಡನ್ನು ವರ್ನಿಯರ್‌ನಲ್ಲಿ ಅಳೆದು ನೋಡಿ, ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ.

ಸಮಯ ಸರಿ, ಫ್ರಂಟಿನ ಆಕಾರ ಬೇರೆ

ನಡುವೆ ಒಂದು ತೂತಿನಿಂದ ರೆಸಿನ್ ಬಿಟ್ಟಾಗ ಅದು ಮೊಟ್ಟೆಯಾಕಾರದಲ್ಲಿ ಹರಡಿದರೆ, ಉದ್ದ ಮತ್ತು ಅಗಲದ ಅನುಪಾತದ ವರ್ಗವೇ ಎರಡು ದಿಕ್ಕಿನ ಪರ್ಮಿಯಬಿಲಿಟಿಗಳ ಅನುಪಾತ. 1.4 ಪಟ್ಟು ಉದ್ದ ಇದ್ದರೆ ಪರ್ಮಿಯಬಿಲಿಟಿ ಸುಮಾರು ಎರಡು ಪಟ್ಟು. ಸಿಮ್ಯುಲೇಶನ್ನಿನಲ್ಲಿ ಮೊಟ್ಟೆ ಅಡ್ಡಕ್ಕೆ ತಿರುಗಿ ಮಲಗಿದ್ದರೆ ಬಟ್ಟೆಯ ದಿಕ್ಕು 90 ಡಿಗ್ರಿ ತಪ್ಪಿದೆ. ಬಾಗಿದ ಮೇಲ್ಮೈಗಳಲ್ಲಿ ಸಾಫ್ಟ್‌ವೇರ್ ತನ್ನಷ್ಟಕ್ಕೆ ಪ್ರತಿ ಎಲಿಮೆಂಟಿಗೂ (ಮೆಶ್‌ನ ಒಂದೊಂದು ತುಂಡಿಗೂ) ಒಂದು ದಿಕ್ಕು ಹಂಚಿರುತ್ತದೆ, ಅದನ್ನು ಬಾಣದ ಗುರುತು ಹಾಕಿಸಿ ಕಣ್ಣಾರೆ ನೋಡಿಯೇ ಮುಂದೆ ಹೋಗಿ.

ಅಂಚಿನಲ್ಲಿ ರೆಸಿನ್ ಓಡಿಹೋಗಿ, ವೆಂಟ್ ಮುಟ್ಟಿ, ನಡುವೆ ಒಣ ಜಾಗ ಬಿಟ್ಟಿದೆ ಅಂದರೆ ಅದು ರೇಸ್ ಟ್ರ್ಯಾಕಿಂಗ್. ಬಟ್ಟೆ ಕತ್ತರಿಸುವಾಗ ಮೋಲ್ಡಿನ ಗೋಡೆಗೂ ಬಟ್ಟೆಗೂ ನಡುವೆ ಉಳಿದ ಸಂದಿಯೇ ಕಾರಣ. ಒಂದು ಮಿಲಿಮೀಟರ್ ಸಂದಿಯನ್ನು ಎರಡು ಹಲಗೆಗಳ ನಡುವಿನ ಹರಿವು ಅಂತ ಲೆಕ್ಕ ಹಾಕಿದರೆ, ಸಂದಿಯ ವರ್ಗವನ್ನು 12ರಿಂದ ಭಾಗಿಸಬೇಕು, ಪರ್ಮಿಯಬಿಲಿಟಿ 8.3 × 10⁻⁸ ಚದರ ಮೀಟರ್ ಬರುತ್ತದೆ. ನಮ್ಮ ಬಟ್ಟೆಯ 800 ಪಟ್ಟಿಗೂ ಜಾಸ್ತಿ! ಚೊಕ್ಕವಾಗಿ ಅಂಚಿನವರೆಗೂ ಬಟ್ಟೆ ತುಂಬಿದ ಮಾಡೆಲ್ಲಿಗೆ ಇದು ಕಾಣುವುದೇ ಇಲ್ಲ. ಅಂಚಿನುದ್ದಕ್ಕೂ ಒಂದು ಸಪೂರ ಸಾಲು ಎಲಿಮೆಂಟುಗಳಿಗೆ ಬೇರೆ ಪರ್ಮಿಯಬಿಲಿಟಿ ಕೊಡಿ. ಸಂದಿ ಇಲ್ಲ, ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್, ಹೀಗೆ ಬೇರೆ ಬೇರೆಯಾಗಿ ಓಡಿಸಿ. ಒಂದೇ ಉತ್ತರಕ್ಕೆ ಅಂಟಿಕೊಳ್ಳಬೇಡಿ, ಯಾಕೆಂದರೆ ಆ ಸಂದಿ ಪ್ರತಿ ಪ್ಯಾನೆಲ್ಲಿಗೂ ಬದಲಾಗುತ್ತದೆ. ಎಲ್ಲಾ ಸಂದರ್ಭದಲ್ಲೂ ಒಣ ಜಾಗ ಬಿಡದ ವೆಂಟ್ ಸ್ಥಾನ ಹುಡುಕೋದೇ ಸಿಮ್ಯುಲೇಶನ್ನಿನ ನಿಜವಾದ ಉಪಯೋಗ ಅಂತ ನನ್ನ ಗಟ್ಟಿ ಅಭಿಪ್ರಾಯ. ತುಂಬುವ ಸಮಯ ನಿಮಿಷಕ್ಕೆ ನಿಮಿಷ ತಾಳೆ ಆಗೋದಕ್ಕಿಂತ ಇದು ಮುಖ್ಯ.

ಮೆಶ್ ಸಣ್ಣ ಮಾಡಿದಷ್ಟೂ ಸಮಯ ಏರ್ತಾನೇ ಇದೆ

ಇನ್ಲೆಟ್ ಅನ್ನು ಒಂದೇ ನೋಡ್‌ಗೆ (ಮೆಶ್‌ನ ಗೆರೆಗಳು ಕೂಡುವ ಬಿಂದುವಿಗೆ) ಕೊಟ್ಟಿದ್ದೀರಾ ನೋಡಿ. ಬಿಂದುವಿನಿಂದ ಸುತ್ತಲೂ ಹರಡುವಾಗ ತುಂಬುವ ಸಮಯ ಇನ್ಲೆಟ್ಟಿನ ತ್ರಿಜ್ಯದ ಲಾಗರಿದಮ್ ಮೇಲೆ ನಿಂತಿರುತ್ತದೆ. ನೋಡ್‌ಗೆ ತ್ರಿಜ್ಯ ಇಲ್ಲ, ಅದರ ಅಕ್ಕಪಕ್ಕದ ಎಲಿಮೆಂಟಿನ ಗಾತ್ರವೇ ತ್ರಿಜ್ಯದ ಕೆಲಸ ಮಾಡುತ್ತದೆ. ಅರ್ಧ ಮೀಟರ್ ತ್ರಿಜ್ಯದ ತಟ್ಟೆ ತುಂಬಿಸುವಾಗ ಇನ್ಲೆಟ್ ತ್ರಿಜ್ಯ 5 ಮಿಮೀ ಇದ್ದದ್ದು 2.5 ಆದರೆ ಸಮಯ 17 ಪರ್ಸೆಂಟ್ ಏರುತ್ತದೆ. ಮತ್ತೆ ಅರ್ಧ ಮಾಡಿದರೆ ಮತ್ತೆ ಏರುತ್ತದೆ, ಇದಕ್ಕೆ ಕೊನೆಯೇ ಇಲ್ಲ. ಮೆಶ್ ಇನ್ನೂ ಸಣ್ಣ ಮಾಡಿ ಪ್ರಯೋಜನ ಇಲ್ಲ. ನಿಜದ ತೂತಿನ ಗಾತ್ರದ ವೃತ್ತವನ್ನು ಬರೆದು, ಅದರ ಅಂಚಿಗೆ ಒತ್ತಡ ಕೊಡಿ.

98 ಪರ್ಸೆಂಟಿಗೆ ಬಂದು ನಿಂತುಬಿಟ್ಟಿದೆ

ಎರಡು ದ್ರವದ ಸಾಲ್ವರ್ ಆದರೆ ಸಿಕ್ಕಿಬಿದ್ದ ಗಾಳಿ ಕಾರಣ. ಇಂಟರ್‌ಫೋಮ್‌ನಲ್ಲಿ ಗಾಳಿ ಕುಗ್ಗುವುದಿಲ್ಲ. ವೆಂಟ್ ಕಡೆ ದಾರಿ ಇಲ್ಲದ ಗುಳ್ಳೆ ಅಲ್ಲೇ ಕಲ್ಲಿನ ಹಾಗೆ ಕೂತಿರುತ್ತದೆ. ನಿಜದಲ್ಲಿ ಹಾಗಲ್ಲ. ಬ್ಯಾಗಿನಲ್ಲಿ 5 ಕಿಲೋಪಾಸ್ಕಲ್ ಉಳಿದಿದ್ದರೆ, ಸುತ್ತಲಿನ ರೆಸಿನ್ ಒತ್ತಡ 50ಕ್ಕೆ ಏರಿದಾಗ ಗುಳ್ಳೆ ಹತ್ತನೇ ಒಂದು ಪಾಲಿಗೆ ಕುಗ್ಗಿರುತ್ತದೆ. ಒಣ ಜಾಗದ ನಿಜವಾದ ಗಾತ್ರ ಬೇಕಿದ್ದರೆ ಕಂಪ್ರೆಸಿಬಲ್ ಇಂಟರ್‌ಫೋಮ್‌ಗೆ ಹೋಗಿ. ಎಲ್ಲಿ ಒಣಗುತ್ತದೆ ಅನ್ನುವುದಷ್ಟೇ ಬೇಕಿದ್ದರೆ ಈಗಿರುವುದೇ ಸಾಕು.

ಪಾಮ್-ಆರ್‌ಟಿಎಂ, ಡೆಲವೇರ್ ವಿಶ್ವವಿದ್ಯಾಲಯದ ಲಿಮ್ಸ್ ಇಂಥ ಮೋಲ್ಡ್ ತುಂಬಿಸುವ ಸಾಫ್ಟ್‌ವೇರುಗಳಲ್ಲಿ ಕಥೆ ಉಲ್ಟಾ. ಅವು ಸಾಮಾನ್ಯವಾಗಿ ರೆಸಿನ್ನನ್ನು ಮಾತ್ರ ಲೆಕ್ಕ ಹಾಕುತ್ತವೆ, ಮುಂದೆ ಇರುವುದು ವೆಂಟ್ ಒತ್ತಡ ಅಂತ ಇಟ್ಟುಕೊಳ್ಳುತ್ತವೆ. ಹಾಗೆ ಓಡಿಸಿದಾಗ ಸಿಕ್ಕಿಬಿದ್ದ ಜಾಗವೂ ನೆಮ್ಮದಿಯಾಗಿ ತುಂಬಿಹೋಗುತ್ತದೆ, 100 ಪರ್ಸೆಂಟ್ ಅಂತ ಬರುತ್ತದೆ. ಆ ಸಂಖ್ಯೆ ನೋಡಿ ಸಮಾಧಾನ ಪಡಬೇಡಿ. ಫ್ರಂಟುಗಳು ಎಲ್ಲಿ ಸೇರುತ್ತವೆ, ಕೊನೆಗೆ ತುಂಬುವ ಜಾಗದಲ್ಲಿ ವೆಂಟ್ ಇದೆಯಾ, ಅದನ್ನು ನೋಡಿ.

ಜಾಲರಿ ಹಾಸಿದ್ದರೆ

ಬಟ್ಟೆಯ ಮೇಲೆ ಹಾಸುವ ಪ್ಲಾಸ್ಟಿಕ್ ಜಾಲರಿಯನ್ನು ಮಾಡೆಲ್ಲಿನಲ್ಲಿ ಬಿಟ್ಟರೆ ಸಿಮ್ಯುಲೇಶನ್ ಹತ್ತು ಪಟ್ಟಿನ ಆಸುಪಾಸು ನಿಧಾನ ಬರುತ್ತದೆ. 10⁻¹⁰ರ ಬಟ್ಟೆ 4 ಮಿಮೀ, 5 × 10⁻⁹ರ ಜಾಲರಿ 1 ಮಿಮೀ ಇದ್ದರೆ ದಪ್ಪಕ್ಕೆ ತಕ್ಕ ಸರಾಸರಿ ಸುಮಾರು 1.1 × 10⁻⁹. ದಪ್ಪದ ದಿಕ್ಕನ್ನು ಬಿಡಿಸಿ ನೋಡದ ಶೆಲ್ ಎಲಿಮೆಂಟಿಗೆ ಈ ಸರಾಸರಿ ಕೊಟ್ಟು ಕೆಲಸ ಸಾಗಿಸಬಹುದು. ಆದರೆ ಶೆಲ್‌ನಲ್ಲಿ ಮೇಲಿನ ರೆಸಿನ್ ಮುಂದೆ ಓಡಿ ಕೆಳಗಿನದು ಹಿಂದೆ ಉಳಿಯುವುದು ಕಾಣಲ್ಲ. ದಪ್ಪ ಪ್ಯಾನೆಲ್ಲಿನ ತಳ ಒಣಗುವುದು ಇದರಿಂದಲೇ. ಅಲ್ಲಿ ಮೂರು ಆಯಾಮದ ಮೆಶ್ ಬೇಕು, ದಪ್ಪದ ದಿಕ್ಕಿನಲ್ಲಿ ಜಾಲರಿಗೂ ಬಟ್ಟೆಗೂ ಬೇರೆ ಬೇರೆ ಪದರ ಬೇಕು.

ದಪ್ಪದ ದಿಕ್ಕಿನ ಪರ್ಮಿಯಬಿಲಿಟಿ ಅಳೆಯುವುದು ಕಷ್ಟ, ಹಾಗಾಗಿ ಅದನ್ನು ನೇರವಾಗಿ ಹೊಂದಿಸಿಕೊಳ್ಳಿ. ದಪ್ಪ ಗಾಜಿನ ಮೇಲೆ ಒಂದು ಸಣ್ಣ ಪ್ಯಾನೆಲ್ ಹಾಕಿ, ಮೇಲಿನಿಂದ ಒಂದು ಫೋನು, ಗಾಜಿನ ಕೆಳಗಿನಿಂದ ಇನ್ನೊಂದು ಫೋನು ಇಟ್ಟು ಒಟ್ಟಿಗೇ ವಿಡಿಯೊ ಮಾಡಿ. ಮೇಲಿನ ಫ್ರಂಟಿಗಿಂತ ಕೆಳಗಿನದು ಎಷ್ಟು ಸೆಂಟಿಮೀಟರ್ ಹಿಂದೆ ಇದೆ ಅಂತ ಅಳೆಯಿರಿ. ಮಾಡೆಲ್ಲಿನಲ್ಲೂ ಅಷ್ಟೇ ಅಂತರ ಬರುವವರೆಗೆ ಆ ಒಂದು ಸಂಖ್ಯೆಯನ್ನು ಬದಲಾಯಿಸಿ. ಇಲ್ಲಿ ಹೀಗೆ ಹೊಂದಿಸುವುದು ನ್ಯಾಯ, ಯಾಕೆಂದರೆ ಉಳಿದ ಸಂಖ್ಯೆಗಳೆಲ್ಲಾ ಈಗಾಗಲೇ ಪರೀಕ್ಷೆ ಆಗಿವೆ.